ಕಚೇರಿಯ ಷೇರ್ ಫೋಲ್ಡರ್‌ಗೆ ಗುಂಪಿನ ಪರ್ಮಿಷನ್: ತಪ್ಪದಂತೆ ಮಾಡುವ ಕ್ರಮ

ವಿಂಡೋಸ್ ಕಂಪ್ಯೂಟರಿನ ಷೇರ್ ಫೋಲ್ಡರ್, ಅಂದರೆ ಒಂದು ಯಂತ್ರದಲ್ಲಿದ್ದು ಉಳಿದ ಯಂತ್ರಗಳೂ ನೆಟ್‌ವರ್ಕಿನಿಂದ ಬಳಸುವ ಫೋಲ್ಡರ್, ತೆರೆಯದಿದ್ದರೆ ಸಣ್ಣ ಕಚೇರಿಗಳಲ್ಲಿ ಸಾಮಾನ್ಯವಾಗಿ ಆಗುವುದು ಇಷ್ಟು: ಯಾರೋ ಒಬ್ಬರು ಸೆಕ್ಯುರಿಟಿ ಟ್ಯಾಬಿಗೆ ಹೋಗಿ ‘ಎವ್ರಿಒನ್’ ಎಂದು ಸೇರಿಸಿ, ‘ಫುಲ್ ಕಂಟ್ರೋಲ್’ಗೆ ಟಿಕ್ ಹಾಕಿಬಿಡುತ್ತಾರೆ. ಫೋಲ್ಡರ್ ತೆರೆಯುತ್ತದೆ, ಕೆಲಸ ಮುಂದುವರಿಯುತ್ತದೆ. ಅಂದಿನಿಂದ ಸಂಬಳದ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು, ಸದಸ್ಯರ ಆಧಾರ್ ಪ್ರತಿಯನ್ನು ಯಾರು ಬೇಕಾದರೂ ಅಳಿಸಬಹುದು. ಇನ್ನು ಕೆಲವರು ಒಬ್ಬೊಬ್ಬರ ಹೆಸರನ್ನೂ ಒಂದೊಂದು ಫೋಲ್ಡರಿಗೆ ಸೇರಿಸುತ್ತಾ ಹೋಗುತ್ತಾರೆ. ಎರಡು ವರ್ಷದ ನಂತರ ಯಾರಿಗೆ ಎಲ್ಲಿ ಏನು ಕೊಟ್ಟಿದೆ ಎಂಬುದು ಕೊಟ್ಟವರಿಗೂ ನೆನಪಿರುವುದಿಲ್ಲ.

ಈ ಕೆಲಸ ಕೈಕೊಡುವುದು ಹೆಚ್ಚಾಗಿ ಕ್ರಮ ತಪ್ಪುವುದರಿಂದ. ಫೋಲ್ಡರಿನಿಂದ ಶುರುಮಾಡಿದರೆ ಕೆಡುತ್ತದೆ. ಕಾಗದದಿಂದ ಶುರುಮಾಡಿ, ಲಾಗಿನ್, ಗುಂಪು, ಫೋಲ್ಡರ್, ಷೇರ್, ಪರೀಕ್ಷೆ ಎಂಬ ಸಾಲಿನಲ್ಲೇ ಹೋದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಉದಾಹರಣೆಗೆ ಆರು ಕಂಪ್ಯೂಟರ್ ಇರುವ ಒಂದು ಪತ್ತಿನ ಸಹಕಾರ ಸಂಘದ ಕಚೇರಿಯನ್ನು ಇಟ್ಟುಕೊಂಡಿದ್ದೇನೆ. ಕಡತಗಳೆಲ್ಲ ‘ಮೇನ್ ಸಿಸ್ಟಮ್’ ಎಂದು ಕರೆಯುವ ಒಂದು ಯಂತ್ರದ ಡಿ ಡ್ರೈವ್‌ನಲ್ಲಿವೆ, ಉಳಿದ ಐದು ಯಂತ್ರಗಳು ಅಲ್ಲಿಂದ ತೆರೆಯುತ್ತವೆ. ಇಂಥ ಕಚೇರಿಯಲ್ಲಿ ‘ಖಾತೆ’ ಎಂದರೆ ಸದಸ್ಯರ ಉಳಿತಾಯ ಖಾತೆ. ಗೊಂದಲವಾಗದಿರಲೆಂದು ಕಂಪ್ಯೂಟರಿನ ಯೂಸರ್ ಅಕೌಂಟನ್ನು ಇಲ್ಲಿ ‘ಲಾಗಿನ್’ ಎಂದೇ ಬರೆದಿದ್ದೇನೆ. ‘ಪರ್ಮಿಷನ್’ ಎಂದರೆ ಫೋಲ್ಡರನ್ನು ಓದುವ, ತಿದ್ದುವ ಹಕ್ಕು. ‘ಗುಂಪು’ ಎಂದರೆ ಒಂದೇ ಹಕ್ಕು ಬೇಕಾದ ಲಾಗಿನ್‌ಗಳನ್ನು ಒಂದು ಹೆಸರಿನಡಿ ಕೂಡಿಸಿಟ್ಟ ಪಟ್ಟಿ.

ಶುರುಮಾಡುವ ಮೊದಲು ಕೈಯಲ್ಲಿರಬೇಕಾದ್ದು

ಮೇನ್ ಸಿಸ್ಟಮ್‌ನಲ್ಲಿ ವಿಂಡೋಸ್ ಪ್ರೊ ಇರಬೇಕು. ಹೋಮ್ ಆವೃತ್ತಿಯಲ್ಲಿ ಗುಂಪುಗಳನ್ನು ನಿಭಾಯಿಸುವ ‘ಲೋಕಲ್ ಯೂಸರ್ಸ್ ಅಂಡ್ ಗ್ರೂಪ್ಸ್’ ಕಿಟಕಿಯೇ ಸಿಗುವುದಿಲ್ಲ. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಂಪ್ಯೂಟರ್ ಮ್ಯಾನೇಜ್‌ಮೆಂಟ್’ ತೆರೆದು, ಎಡಗಡೆಯ ಪಟ್ಟಿಯಲ್ಲಿ ಆ ಹೆಸರು ಇದೆಯೇ ನೋಡಿಕೊಳ್ಳಿ.

ಡಿ ಡ್ರೈವ್ ಎನ್‌ಟಿಎಫ್‌ಎಸ್ (ಕಡತಗಳ ಜೊತೆಗೆ ಅವುಗಳ ಪರ್ಮಿಷನ್ನನ್ನೂ ಇಟ್ಟುಕೊಳ್ಳುವ ಡಿಸ್ಕ್ ವ್ಯವಸ್ಥೆ) ಆಗಿರಬೇಕು. ಡ್ರೈವ್‌ನ ಪ್ರಾಪರ್ಟೀಸ್‌ನಲ್ಲಿ ‘ಫೈಲ್ ಸಿಸ್ಟಮ್’ ಎಂಬ ಸಾಲು ಅದನ್ನು ಹೇಳುತ್ತದೆ. ಅಲ್ಲಿ ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್32 ಎಂದಿದ್ದರೆ ಫೋಲ್ಡರಿಗೆ ಸೆಕ್ಯುರಿಟಿ ಟ್ಯಾಬೇ ಬರುವುದಿಲ್ಲ. ಆಗ ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ, ಡ್ರೈವನ್ನು ಎನ್‌ಟಿಎಫ್‌ಎಸ್ ಆಗಿ ಫಾರ್ಮ್ಯಾಟ್ ಮಾಡಿ ಮುಂದುವರಿಯಿರಿ.

ಇವುಗಳ ಜೊತೆಗೆ ಅಡ್ಮಿನಿಸ್ಟ್ರೇಟರ್ ಲಾಗಿನ್ನಿನ ಪಾಸ್‌ವರ್ಡ್, ಜಾಗವಿರುವ ಒಂದು ಹೊರಗಿನ ಹಾರ್ಡ್ ಡಿಸ್ಕ್, ಒಂದು ನೋಟ್‌ಬುಕ್ ಮತ್ತು ಕಚೇರಿ ಮುಚ್ಚಿದ ಮೇಲಿನ ಎರಡು ಮೂರು ಗಂಟೆ ಬೇಕು. ಕೌಂಟರಿನಲ್ಲಿ ಜನ ನಿಂತಿರುವಾಗ ಇದಕ್ಕೆ ಕೈ ಹಾಕಬೇಡಿ. ಯಾರಾದರೂ ಎಕ್ಸೆಲ್ ಕಡತ ತೆರೆದು ಕೆಲಸ ಮಾಡುತ್ತಿರುವಾಗ ಅದೇ ಫೋಲ್ಡರಿನ ಪರ್ಮಿಷನ್ ಬದಲಾಯಿಸಿದರೆ ಅವರು ಅಲ್ಲಿಯವರೆಗೆ ಮಾಡಿದ್ದು ಸೇವ್ ಆಗದೆ ಹೋಗಬಹುದು.

ಹಂತ 1: ಮೊದಲು ಕಾಗದದ ಮೇಲೆ

ನೋಟ್‌ಬುಕ್ಕಿನಲ್ಲಿ ಒಂದು ಚೌಕಟ್ಟು ಹಾಕಿ. ಎಡಗಡೆ ಫೋಲ್ಡರ್‌ಗಳು: ಸಾಲ, ಠೇವಣಿ, ಸಂಬಳ, ಸಭೆ ನಡಾವಳಿ, ಸಾಮಾನ್ಯ. ಮೇಲುಗಡೆ ಹುದ್ದೆಗಳು: ಕಾರ್ಯದರ್ಶಿ, ಲೆಕ್ಕಿಗ, ಕ್ಯಾಷಿಯರ್, ಗುಮಾಸ್ತ, ಲೆಕ್ಕಪರಿಶೋಧಕ. ಪ್ರತಿ ಮನೆಯಲ್ಲೂ ‘ಇಲ್ಲ’, ‘ಓದು’, ‘ತಿದ್ದು’ ಎಂಬ ಮೂರರಲ್ಲಿ ಒಂದನ್ನು ಬರೆಯಿರಿ.

ಮೇಲಿನ ಸಾಲಿನಲ್ಲಿ ವ್ಯಕ್ತಿಯ ಹೆಸರು ಬರೆಯಬಾರದು. ಕ್ಯಾಷಿಯರ್ ಬದಲಾಗುತ್ತಾರೆ, ಕ್ಯಾಷಿಯರ್ ನೋಡಬೇಕಾದ ಕಡತಗಳು ಬದಲಾಗುವುದಿಲ್ಲ.

ಚೌಕಟ್ಟು ತುಂಬುವುದು ನಿಮ್ಮ ಕೆಲಸವಲ್ಲ, ಕಾರ್ಯದರ್ಶಿಯವರದು. ಅವರ ಎದುರು ಕುಳಿತು ಒಂದೊಂದೇ ಮನೆ ಕೇಳಿ ಬರೆದುಕೊಂಡು, ಕೆಳಗೆ ದಿನಾಂಕದೊಂದಿಗೆ ಸಹಿ ಹಾಕಿಸಿಕೊಳ್ಳಿ. ನಾಳೆ ಯಾರಾದರೂ ‘ನನಗೇಕೆ ಸಂಬಳದ ಫೋಲ್ಡರ್ ತೆರೆಯುತ್ತಿಲ್ಲ’ ಎಂದು ಜಗಳಕ್ಕೆ ಬಂದರೆ ತೋರಿಸಲು ಆ ಹಾಳೆ ಇರಬೇಕು.

ಹಂತ 2: ಎರಡು ಬಗೆಯ ಬ್ಯಾಕಪ್

ಒಂದು, ಕಡತಗಳದು. ಇಡೀ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ನಾಲ್ಕೈದು ಕಡತಗಳನ್ನು ಅಲ್ಲಿಂದಲೇ ತೆರೆದು ನೋಡಿ.

ಇನ್ನೊಂದು, ಈಗಿರುವ ಪರ್ಮಿಷನ್‌ಗಳದು. ಇದನ್ನು ಬಹುತೇಕ ಯಾರೂ ಮಾಡುವುದಿಲ್ಲ. ಕಮಾಂಡ್ ಪ್ರಾಂಪ್ಟನ್ನು ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದು ‘ಐಕ್ಯಾಕ್ಲ್ಸ್’ ಎಂಬ ಆದೇಶ ಬಳಸಬೇಕು. ಅದರ ಅಕ್ಷರಗಳು ಐ, ಸಿ, ಎ, ಸಿ, ಎಲ್, ಎಸ್. ಅದರ ಮುಂದೆ ಫೋಲ್ಡರಿನ ಪೂರ್ತಿ ವಿಳಾಸ, ಆಮೇಲೆ ಸ್ಲ್ಯಾಶ್ ಸೇವ್, ಆಮೇಲೆ ಬ್ಯಾಕಪ್ ಕಡತದ ಹೆಸರು, ಕೊನೆಗೆ ಸ್ಲ್ಯಾಶ್ ಟಿ ಮತ್ತು ಸ್ಲ್ಯಾಶ್ ಸಿ. ನಡುವೆ ಒಂದೊಂದು ಖಾಲಿ ಜಾಗ ಇರಲಿ. ಸ್ಲ್ಯಾಶ್ ಟಿ ಎಂದರೆ ಒಳಗಿನ ಎಲ್ಲ ಫೋಲ್ಡರ್‌ಗಳನ್ನೂ ಸೇರಿಸು ಎಂದು, ಸ್ಲ್ಯಾಶ್ ಸಿ ಎಂದರೆ ಒಂದು ಕಡತದಲ್ಲಿ ತೊಡಕಾದರೂ ನಿಲ್ಲದೆ ಮುಂದೆ ಹೋಗು ಎಂದು. ಹುಟ್ಟುವ ಕಡತವನ್ನು ತೆರೆದು ತಿದ್ದಬೇಡಿ.

ವಾಪಸ್ ತರುವಾಗ ‘ಸೇವ್’ ಬದಲು ‘ರಿಸ್ಟೋರ್’. ಇಲ್ಲಿ ಎಲ್ಲರೂ ಎಡವುತ್ತಾರೆ: ರಿಸ್ಟೋರ್ ಮಾಡುವಾಗ ಅದೇ ಫೋಲ್ಡರಿನ ವಿಳಾಸ ಕೊಡಬಾರದು, ಅದರ ಮೇಲಿನ ಫೋಲ್ಡರಿನದನ್ನು ಕೊಡಬೇಕು. ಡಿ ಡ್ರೈವ್‌ನಲ್ಲಿರುವ ‘ಸಂಘ’ ಫೋಲ್ಡರನ್ನು ಸೇವ್ ಮಾಡಿದ್ದರೆ, ರಿಸ್ಟೋರ್ ಮಾಡಬೇಕಾದ ವಿಳಾಸ ಬರಿಯ ಡಿ ಡ್ರೈವ್. ಕಡತದ ಮಾಲೀಕರು ಯಾರು ಎಂಬ ವಿವರ ಈ ಬ್ಯಾಕಪ್ಪಿನಲ್ಲಿ ಉಳಿಯುವುದಿಲ್ಲ ಎಂಬುದೂ ಗೊತ್ತಿರಲಿ.

ಹಂತ 3: ಒಬ್ಬರಿಗೆ ಒಂದು ಲಾಗಿನ್

‘ಆಫೀಸ್’ ಎಂಬ ಒಂದೇ ಲಾಗಿನ್ನನ್ನು ಎಲ್ಲರೂ ಬಳಸುತ್ತಿದ್ದರೆ ಗುಂಪು ಮಾಡಿ ಪ್ರಯೋಜನವಿಲ್ಲ. ಮೇನ್ ಸಿಸ್ಟಮ್‌ನ ‘ಲೋಕಲ್ ಯೂಸರ್ಸ್ ಅಂಡ್ ಗ್ರೂಪ್ಸ್’ನಲ್ಲಿ ‘ಯೂಸರ್ಸ್’ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರತಿಯೊಬ್ಬ ಸಿಬ್ಬಂದಿಗೂ ‘ನ್ಯೂ ಯೂಸರ್’ ಮಾಡಿ. ಅವರವರ ಮೇಜಿನ ಕಂಪ್ಯೂಟರಿನಲ್ಲೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇರಲಿ. ಹಾಗಿದ್ದರೆ ಷೇರ್ ತೆರೆಯುವಾಗ ವಿಂಡೋಸ್ ಮತ್ತೆ ಏನನ್ನೂ ಕೇಳುವುದಿಲ್ಲ.

ಹೊಸ ಲಾಗಿನ್ ಮಾಡುವ ಚಿಕ್ಕ ಕಿಟಕಿಯಲ್ಲಿರುವ ಎರಡು ಟಿಕ್‌ಗಳನ್ನು ಗಮನವಿಟ್ಟು ನೋಡಿ.

‘ಯೂಸರ್ ಮಸ್ಟ್ ಚೇಂಜ್ ಪಾಸ್‌ವರ್ಡ್ ಅಟ್ ನೆಕ್ಸ್ಟ್ ಲಾಗಾನ್’ ಎಂಬುದಕ್ಕೆ ಮೊದಲೇ ಟಿಕ್ ಇರುತ್ತದೆ. ತೆಗೆಯಿರಿ. ಈ ಸಿಬ್ಬಂದಿ ಮೇನ್ ಸಿಸ್ಟಮ್ ಮುಂದೆ ಕುಳಿತುಕೊಳ್ಳುವವರೇ ಅಲ್ಲ, ಹಾಗಾಗಿ ಪಾಸ್‌ವರ್ಡ್ ಬದಲಿಸುವ ಅವಕಾಶವೇ ಅವರಿಗೆ ಬರುವುದಿಲ್ಲ. ನೆಟ್‌ವರ್ಕಿನಿಂದ ಬಂದವರನ್ನು ವಿಂಡೋಸ್ ಬಾಗಿಲಲ್ಲೇ ತಡೆಯುತ್ತದೆ.

‘ಪಾಸ್‌ವರ್ಡ್ ನೆವರ್ ಎಕ್ಸ್‌ಪೈರ್ಸ್’ ಎಂಬುದಕ್ಕೆ ಟಿಕ್ ಹಾಕಿ. ಹಾಕದಿದ್ದರೆ ವಿಂಡೋಸ್‌ನ ಮೂಲ ನಿಯಮದಂತೆ 42 ದಿನಕ್ಕೆ ಪಾಸ್‌ವರ್ಡಿನ ಅವಧಿ ಮುಗಿಯುತ್ತದೆ. ‘ಒಂದೂವರೆ ತಿಂಗಳು ಚೆನ್ನಾಗಿತ್ತು, ಏನೂ ಮುಟ್ಟಿಲ್ಲ, ಇವತ್ತು ಬೆಳಿಗ್ಗೆಯಿಂದ ಯಾರಿಗೂ ತೆರೆಯುತ್ತಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ಪಾಸ್‌ವರ್ಡನ್ನು ಬದಲಾಯಿಸಲೇಬೇಕು, ಆದರೆ ನೀವೇ ಗುರುತುಹಾಕಿಕೊಂಡ ದಿನ, ಎರಡೂ ಯಂತ್ರಗಳಲ್ಲಿ ಒಟ್ಟಿಗೆ.

ಪಾಸ್‌ವರ್ಡ್ ಇಲ್ಲದ ಲಾಗಿನ್ ನೆಟ್‌ವರ್ಕಿನಿಂದ ಒಳಬರಲಾರದು. ಪಿನ್ ಸಂಖ್ಯೆಯೂ ನಡೆಯುವುದಿಲ್ಲ. ಬೆಳಿಗ್ಗೆ ನಾಲ್ಕಂಕಿಯ ಪಿನ್ ಹಾಕಿ ಕಂಪ್ಯೂಟರ್ ತೆರೆಯುವವರು ಷೇರ್ ಫೋಲ್ಡರ್ ಪಾಸ್‌ವರ್ಡ್ ಕೇಳಿದಾಗಲೂ ಅದೇ ಪಿನ್ ಹೊಡೆಯುತ್ತಾರೆ, ತಪ್ಪು ಎಂದು ಬರುತ್ತದೆ. ಇದನ್ನು ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಹೇಳಿ.

ಸಿಬ್ಬಂದಿಯಲ್ಲಿ ಯಾರನ್ನೂ ‘ಅಡ್ಮಿನಿಸ್ಟ್ರೇಟರ್ಸ್’ ಗುಂಪಿನಲ್ಲಿ ಇಡಬೇಡಿ. ಕಾರ್ಯದರ್ಶಿಯವರನ್ನೂ ಕೂಡ. ಹಿರಿಯರಿಗೆ ಹೆಚ್ಚಿನ ಅಧಿಕಾರ ಕೊಡದಿದ್ದರೆ ಬೇಸರವಾದೀತು ಎಂಬ ಸಂಕೋಚದಿಂದ ಹೀಗೆ ಮಾಡುತ್ತಾರೆ. ಆದರೆ ವೈರಸ್ಸಿಗೆ ಸಿಗುವುದು ಕಡತ ತೆರೆದವರ ಕೈಯಲ್ಲಿದ್ದಷ್ಟೇ ಅಧಿಕಾರ, ಅದು ಹೆಚ್ಚಿದ್ದಷ್ಟೂ ಹಾನಿ ಹೆಚ್ಚು. ಇದನ್ನು ವಿವರಿಸಿ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹಂತ 4: ಫೋಲ್ಡರಿಗೆ ಎರಡೆರಡು ಗುಂಪು

ಅದೇ ಕಿಟಕಿಯ ‘ಗ್ರೂಪ್ಸ್’ನಲ್ಲಿ ಪ್ರತಿ ಫೋಲ್ಡರಿಗೂ ಎರಡು ಗುಂಪು ಮಾಡಿ: ಸಾಲ-ಓದು, ಸಾಲ-ತಿದ್ದು, ಠೇವಣಿ-ಓದು, ಠೇವಣಿ-ತಿದ್ದು, ಹೀಗೆ. ಇವುಗಳ ಜೊತೆಗೆ ಇನ್ನೆರಡು ಬೇಕು. ಎಲ್ಲ ಸಿಬ್ಬಂದಿಯೂ ಇರುವ ‘ಸಂಘ-ಎಲ್ಲರೂ’ ಮತ್ತು ಪರ್ಮಿಷನ್ ನೋಡಿಕೊಳ್ಳುವ ಒಬ್ಬರು ಮಾತ್ರ ಇರುವ ‘ಸಂಘ-ನಿರ್ವಾಹಕ’. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ, ಕಮಾಂಡ್ ಪ್ರಾಂಪ್ಟಿನ ಕಪ್ಪು ಪರದೆಯಲ್ಲಿ ಕನ್ನಡ ಸರಿಯಾಗಿ ಮೂಡುವುದಿಲ್ಲ. ಪ್ರತಿ ಗುಂಪಿನ ‘ಡಿಸ್ಕ್ರಿಪ್ಷನ್’ ಜಾಗದಲ್ಲಿ ಅದು ಯಾವ ಫೋಲ್ಡರಿಗೆ ಎಂದು ಒಂದು ಸಾಲು ಬರೆದಿಡಿ.

ಆಮೇಲೆ ಹಂತ 1ರ ಚೌಕಟ್ಟು ನೋಡಿಕೊಂಡು ಜನರನ್ನು ಗುಂಪಿಗೆ ಸೇರಿಸಿ. ಮೂಲ ‘ಯೂಸರ್ಸ್’ ಗುಂಪಿನಿಂದ ಅವರನ್ನು ತೆಗೆಯಬೇಕಿಲ್ಲ, ಆದರೆ ಆ ಗುಂಪಿಗೆ ನಮ್ಮ ಫೋಲ್ಡರಿನಲ್ಲಿ ಯಾವ ಹಕ್ಕೂ ಇರಬಾರದು. ಅದನ್ನು ಮುಂದಿನ ಹಂತದಲ್ಲಿ ನೋಡೋಣ.

ಗುಂಪಿಗೆ ಸೇರಿಸಿದ ಕೂಡಲೇ ಹಕ್ಕು ಸಿಗುವುದಿಲ್ಲ. ಲಾಗಿನ್ ಆಗುವ ಗಳಿಗೆಯಲ್ಲಿ ಯಾವ ಯಾವ ಗುಂಪಿನಲ್ಲಿದ್ದಾರೆ ಎಂಬ ಪಟ್ಟಿಯನ್ನು ವಿಂಡೋಸ್ ಒಮ್ಮೆ ಮಾತ್ರ ತಯಾರಿಸುತ್ತದೆ. ಹೊಸ ಗುಂಪು ಆ ಪಟ್ಟಿಗೆ ಬರಬೇಕಾದರೆ ಸಿಬ್ಬಂದಿ ತಮ್ಮ ಯಂತ್ರದಲ್ಲಿ ಸೈನ್ ಔಟ್ ಆಗಿ ಮತ್ತೆ ಸೈನ್ ಇನ್ ಆಗಬೇಕು. ಪರದೆ ಲಾಕ್ ಮಾಡಿ ತೆಗೆದರೆ ಸಾಲದು. ಇದು ತಿಳಿಯದೆ ‘ಸೇರಿಸಿದರೂ ಬರುತ್ತಿಲ್ಲ’ ಎಂದು ಮತ್ತೊಂದು ಗುಂಪಿಗೆ, ಇನ್ನೊಂದು ಗುಂಪಿಗೆ ಸೇರಿಸುತ್ತಾ ಹೋದವರು ಬಹಳ ಮಂದಿ.

ಹಂತ 5: ಫೋಲ್ಡರಿನ ಪರ್ಮಿಷನ್

ಹೆಚ್ಚಿನ ತಪ್ಪುಗಳು ಆಗುವುದು ಈ ಹಂತದಲ್ಲಿ, ನಿಧಾನವಾಗಿ ಓದಿ.

ಡಿ ಡ್ರೈವ್‌ನಲ್ಲಿ ‘ಸಂಘ’ ಎಂಬ ಒಂದು ದೊಡ್ಡ ಫೋಲ್ಡರ್, ಅದರೊಳಗೆ ಐದು ಫೋಲ್ಡರ್‌ಗಳು. ಹಕ್ಕು ಕೊಡುವುದು ಈ ಎರಡು ಮಟ್ಟದಲ್ಲಿ ಮಾತ್ರ. ಮೂರನೆಯ ಮಟ್ಟದ ಫೋಲ್ಡರಿಗೆ ಬೇರೆ ಹಕ್ಕು ಬೇಕೆನಿಸಿದರೆ ಅದನ್ನು ಎರಡನೆಯ ಮಟ್ಟಕ್ಕೆ ತಂದು ಬೇರೆ ಫೋಲ್ಡರ್ ಮಾಡಿ. ಸಿ ಡ್ರೈವ್‌ನ ವಿಂಡೋಸ್, ಪ್ರೋಗ್ರಾಮ್ ಫೈಲ್ಸ್, ಯೂಸರ್ಸ್ ಫೋಲ್ಡರ್‌ಗಳ ಪರ್ಮಿಷನ್ ಮುಟ್ಟಲೇಬೇಡಿ.

‘ಸಂಘ’ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್. ಪಟ್ಟಿಯಲ್ಲಿ ‘ಆಥೆಂಟಿಕೇಟೆಡ್ ಯೂಸರ್ಸ್’ಗೆ ‘ಮಾಡಿಫೈ’ ಎಂದಿರುವುದನ್ನು ನೋಡುತ್ತೀರಿ. ಇದು ಡ್ರೈವ್‌ನಿಂದ ಇಳಿದು ಬಂದದ್ದು (ಹೀಗೆ ಮೇಲಿನಿಂದ ಹಕ್ಕು ಇಳಿದು ಬರುವುದೇ ‘ಇನ್‌ಹೆರಿಟೆನ್ಸ್’). ಇದು ಉಳಿದಿರುವ ತನಕ ನೀವು ಮಾಡಿದ ಗುಂಪುಗಳೆಲ್ಲ ಹೆಸರಿಗೆ ಮಾತ್ರ.

ಕೆಳಗೆ ‘ಡಿಸೇಬಲ್ ಇನ್‌ಹೆರಿಟೆನ್ಸ್’ ಒತ್ತಿ. ಎರಡು ಆಯ್ಕೆ ಬರುತ್ತವೆ. ‘ಕನ್ವರ್ಟ್’ ಎಂದು ಶುರುವಾಗುವ ಮೊದಲನೆಯದನ್ನೇ ಒತ್ತಿ. ‘ರಿಮೂವ್’ ಎಂದು ಶುರುವಾಗುವ ಎರಡನೆಯದು ಪಟ್ಟಿಯನ್ನೇ ಖಾಲಿ ಮಾಡುತ್ತದೆ: ಅಡ್ಮಿನಿಸ್ಟ್ರೇಟರ್ಸ್, ಸಿಸ್ಟಮ್ ಎಲ್ಲವೂ ಹೋಗುತ್ತವೆ. ಹಾಗೆ ಒತ್ತಿ ಓಕೆ ಕೊಟ್ಟವರು ಮರುದಿನ ಬೆಳಿಗ್ಗೆ ತಮ್ಮದೇ ಫೋಲ್ಡರಿನ ಹೊರಗೆ ನಿಂತಿರುತ್ತಾರೆ.

ಕನ್ವರ್ಟ್ ಆದ ಮೇಲೆ ‘ಆಥೆಂಟಿಕೇಟೆಡ್ ಯೂಸರ್ಸ್’, ‘ಯೂಸರ್ಸ್’, ‘ಎವ್ರಿಒನ್’ ಸಾಲುಗಳನ್ನು ಒಂದೊಂದಾಗಿ ತೆಗೆಯಿರಿ. ‘ಸಿಸ್ಟಮ್’ ಮತ್ತು ‘ಅಡ್ಮಿನಿಸ್ಟ್ರೇಟರ್ಸ್’ ಫುಲ್ ಕಂಟ್ರೋಲ್‌ನೊಂದಿಗೆ ಉಳಿಯಲಿ. ಬ್ಯಾಕಪ್, ಆಂಟಿವೈರಸ್‌ನಂಥ ಎಷ್ಟೋ ತಂತ್ರಾಂಶಗಳು ‘ಸಿಸ್ಟಮ್’ ಹೆಸರಿನಲ್ಲೇ ಓಡುತ್ತವೆ.

ಈಗ ‘ಆಡ್’ ಒತ್ತಿ, ‘ಸೆಲೆಕ್ಟ್ ಎ ಪ್ರಿನ್ಸಿಪಲ್’ನಲ್ಲಿ ‘ಸಂಘ-ನಿರ್ವಾಹಕ’ ಬರೆದು ‘ಚೆಕ್ ನೇಮ್ಸ್’ ಒತ್ತಿ. ಹೆಸರಿನ ಕೆಳಗೆ ಗೆರೆ ಬಿದ್ದರೆ ಸಿಕ್ಕಿತು ಎಂದರ್ಥ. ಇದಕ್ಕೆ ಫುಲ್ ಕಂಟ್ರೋಲ್ ಕೊಡಿ. ಮತ್ತೆ ‘ಆಡ್’ ಒತ್ತಿ ‘ಸಂಘ-ಎಲ್ಲರೂ’ ಸೇರಿಸಿ, ‘ರೀಡ್ ಅಂಡ್ ಎಕ್ಸಿಕ್ಯೂಟ್’ ಕೊಡಿ. ಓಕೆ ಒತ್ತುವ ಮೊದಲು ‘ಅಪ್ಲೈಸ್ ಟು’ ಎಂಬ ಜಾಗದಲ್ಲಿ ‘ದಿಸ್ ಫೋಲ್ಡರ್ ಓನ್ಲಿ’ ಆರಿಸಿ. ಇದರಿಂದ ಸಿಬ್ಬಂದಿ ಹೊರಬಾಗಿಲು ದಾಟಿ ಐದು ಫೋಲ್ಡರಿನ ಹೆಸರು ನೋಡಬಹುದು, ಆದರೆ ಆ ಹಕ್ಕು ಒಳಗಿನ ಫೋಲ್ಡರ್‌ಗಳಿಗೆ ಇಳಿಯುವುದಿಲ್ಲ. ಹಾಗಾಗಿ ಇನ್‌ಹೆರಿಟೆನ್ಸನ್ನು ಈ ಒಂದು ಜಾಗದಲ್ಲಿ ಕತ್ತರಿಸಿದರೆ ಸಾಕು, ಒಳಗಿನ ಐದರಲ್ಲಿ ಮತ್ತೆ ಕತ್ತರಿಸಬೇಕಿಲ್ಲ.

ಇನ್ನು ಒಳಗಿನ ‘ಠೇವಣಿ’. ‘ಠೇವಣಿ-ಓದು’ ಗುಂಪಿಗೆ ‘ರೀಡ್ ಅಂಡ್ ಎಕ್ಸಿಕ್ಯೂಟ್’ ಕೊಡಿ. ‘ಠೇವಣಿ-ತಿದ್ದು’ ಗುಂಪಿನ ವಿಷಯದಲ್ಲಿ ಒಂದು ಘಟನೆ ಹೇಳಲೇಬೇಕು.

ಒಂದು ಸಂಘದಿಂದ ಬೆಳಿಗ್ಗೆ ಹತ್ತೂಕಾಲಿಗೆ ಫೋನ್ ಬಂತು. ‘ಮೇಡಂ, ಠೇವಣಿ ಫೋಲ್ಡರೇ ಕಾಣ್ತಿಲ್ಲ, ಯಾರೋ ಡಿಲೀಟ್ ಮಾಡಿದಾರೆ.’ ಹೋಗಿ ಹುಡುಕಿದೆ. ಫೋಲ್ಡರ್ ‘ಸಾಮಾನ್ಯ’ದ ಒಳಗೆ ಕೂತಿತ್ತು. ಯಾರೋ ಮೌಸ್ ಒತ್ತಿ ಹಿಡಿದಾಗ ಕೈ ಜಾರಿ ಒಂದು ಫೋಲ್ಡರ್ ಇನ್ನೊಂದರೊಳಗೆ ಬಿದ್ದಿತ್ತು. ಹನ್ನೊಂದು ವರ್ಷದ ಠೇವಣಿ ದಾಖಲೆ ಅದರಲ್ಲಿತ್ತು, ಕ್ಯಾಷಿಯರ್ ಕಣ್ಣಲ್ಲಿ ನೀರು ಬಂದಿತ್ತು. ತಪ್ಪು ಅವರದಾಗಿರಲಿಲ್ಲ. ಆ ಫೋಲ್ಡರಿಗೆ ಹಾಗೇ ‘ಮಾಡಿಫೈ’ ಕೊಟ್ಟಿದ್ದರಿಂದ ಇಡೀ ಫೋಲ್ಡರನ್ನೇ ಎತ್ತಿಡುವ ಹಕ್ಕೂ ಅದರ ಜೊತೆಗೇ ಹೋಗಿತ್ತು.

ಆದ್ದರಿಂದ ‘ತಿದ್ದು’ ಗುಂಪಿಗೆ ಎರಡು ಸಾಲು ಸೇರಿಸಬೇಕು. ಮೊದಲ ಸಾಲಿನಲ್ಲಿ ‘ರೀಡ್ ಅಂಡ್ ಎಕ್ಸಿಕ್ಯೂಟ್’ ಮತ್ತು ‘ರೈಟ್’, ಅನ್ವಯ ‘ದಿಸ್ ಫೋಲ್ಡರ್ ಓನ್ಲಿ’. ಎರಡನೆಯ ಸಾಲಿನಲ್ಲಿ ‘ಮಾಡಿಫೈ’, ಅನ್ವಯ ‘ಸಬ್‌ಫೋಲ್ಡರ್ಸ್ ಅಂಡ್ ಫೈಲ್ಸ್ ಓನ್ಲಿ’. ಒಳಗಿನ ಕಡತಗಳನ್ನು ಮಾಡಬಹುದು, ತಿದ್ದಬಹುದು, ಅಳಿಸಬಹುದು. ‘ಠೇವಣಿ’ ಎಂಬ ಫೋಲ್ಡರ್ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ, ಹೆಸರೂ ಬದಲಾಗುವುದಿಲ್ಲ.

ಅಳಿಸುವ ಹಕ್ಕು ಬೇಡವೆಂದು ಎರಡನೆಯ ಸಾಲಿನಲ್ಲೂ ಬರಿಯ ‘ರೈಟ್’ ಕೊಡಬಹುದಲ್ಲ ಎಂದು ಕೇಳುವವರಿದ್ದಾರೆ. ಕೊಟ್ಟು ನೋಡಿ, ವರ್ಡ್ ಮತ್ತು ಎಕ್ಸೆಲ್ ಸೇವ್ ಮಾಡಲು ಒಪ್ಪುವುದಿಲ್ಲ. ಅವು ಮೊದಲು ತಾತ್ಕಾಲಿಕ ಕಡತವೊಂದನ್ನು ಬರೆದು, ಹಳೆಯದನ್ನು ತೆಗೆದು, ಹೊಸದಕ್ಕೆ ಆ ಹೆಸರು ಇಡುತ್ತವೆ. ಅದಕ್ಕೆ ಅಳಿಸುವ ಹಕ್ಕು ಬೇಕೇ ಬೇಕು. ಬೇಡದ್ದು ಅಳಿಸಿಹೋಗುವ ಭಯಕ್ಕೆ ಮದ್ದು ದಿನದ ಬ್ಯಾಕಪ್.

ಸಿಬ್ಬಂದಿಗೆ ಎಲ್ಲೂ ‘ಫುಲ್ ಕಂಟ್ರೋಲ್’ ಕೊಡಬೇಡಿ. ಮಾಡಿಫೈಗಿಂತ ಅದರಲ್ಲಿ ಹೆಚ್ಚಾಗಿ ಇರುವುದು ಪರ್ಮಿಷನ್ ಬದಲಿಸುವ ಮತ್ತು ಮಾಲೀಕತ್ವ ತೆಗೆದುಕೊಳ್ಳುವಂಥ ಅಧಿಕಾರಗಳು. ಲೆಕ್ಕ ಬರೆಯುವವರಿಗೆ ಅವು ಯಾವುದಕ್ಕೂ ಬೇಕಾಗುವುದಿಲ್ಲ.

‘ಡಿನೈ’ ಕಾಲಂಗೂ ಕೈ ಹಾಕಬೇಡಿ. ಹಕ್ಕು ಕೊಡದಿದ್ದರೆ ಅದೇ ನಿರಾಕರಣೆ. ಒಬ್ಬರು ಎರಡು ಗುಂಪಿನಲ್ಲಿದ್ದರೆ ‘ಅಲೋ’ಗಳು ಕೂಡಿಕೊಳ್ಳುತ್ತವೆ, ಆದರೆ ಅದೇ ಫೋಲ್ಡರಿನಲ್ಲಿ ಒಂದು ಗುಂಪಿಗೆ ‘ಡಿನೈ’ ಇದ್ದರೆ ಅದು ಎಲ್ಲವನ್ನೂ ಹೊಡೆದುಹಾಕುತ್ತದೆ. ಕಾರ್ಯದರ್ಶಿ ಯಾವುದೋ ಗುಂಪಿನಲ್ಲಿ ಇದ್ದ ಕಾರಣಕ್ಕೆ ತಮ್ಮದೇ ಕಚೇರಿಯ ಸಂಬಳದ ಪಟ್ಟಿ ತೆರೆಯಲಾಗದೆ ಕೂತದ್ದನ್ನು ನಾನು ಕಂಡಿದ್ದೇನೆ.

ಅದೇ ಕಿಟಕಿಯ ಕೆಳತುದಿಯಲ್ಲಿ ‘ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್…’ ಎಂದು ಶುರುವಾಗುವ ಒಂದು ಚೌಕವಿದೆ. ಹಳೆಯ ಫೋಲ್ಡರ್ ಆಗಿದ್ದು, ಒಳಗೆ ವರ್ಷಗಟ್ಟಲೆಯ ಒಂಟಿ ಹೆಸರುಗಳ ಕಸ ತುಂಬಿದ್ದರೆ, ಮೇಲಿನ ‘ಸಂಘ’ದಲ್ಲಿ ಮೊದಲ ಸಲ ಇದಕ್ಕೆ ಟಿಕ್ ಹಾಕಬಹುದು. ಒಳಗಿನ ಐದಕ್ಕೆ ಗುಂಪು ಕೊಟ್ಟ ಮೇಲೆ ಮತ್ತೆ ಹಾಕಿದರೆ ಕೊಟ್ಟಿದ್ದೆಲ್ಲ ಅಳಿಸಿಹೋಗುತ್ತದೆ.

ಹಂತ 6: ಷೇರ್

ಪ್ರಾಪರ್ಟೀಸ್‌ನ ‘ಷೇರಿಂಗ್’ ಟ್ಯಾಬಿನಲ್ಲಿ ಎರಡು ಗುಂಡಿಗಳಿವೆ. ಮೇಲಿನ ‘ಷೇರ್’ ಒತ್ತಬೇಡಿ. ಅದು ಸುಲಭದ ದಾರಿ ಎಂದು ತೋರಿಸಿ, ನೀವು ಈಗಷ್ಟೇ ಸರಿಮಾಡಿದ ಸೆಕ್ಯುರಿಟಿ ಪಟ್ಟಿಯನ್ನೂ ಬದಲಾಯಿಸುತ್ತದೆ. ಕೆಳಗಿನ ‘ಅಡ್ವಾನ್ಸ್ಡ್ ಷೇರಿಂಗ್’ ಒತ್ತಿ, ‘ಷೇರ್ ದಿಸ್ ಫೋಲ್ಡರ್’ಗೆ ಟಿಕ್ ಹಾಕಿ, ‘ಪರ್ಮಿಷನ್ಸ್’ಗೆ ಹೋಗಿ.

ಅಲ್ಲಿ ‘ಎವ್ರಿಒನ್: ರೀಡ್’ ಎಂದು ಮೊದಲೇ ಇರುತ್ತದೆ. ಅದನ್ನು ತೆಗೆದು ‘ಸಂಘ-ಎಲ್ಲರೂ’ಗೆ ‘ಚೇಂಜ್’ ಮತ್ತು ‘ರೀಡ್’, ‘ಸಂಘ-ನಿರ್ವಾಹಕ’ಕ್ಕೆ ‘ಫುಲ್ ಕಂಟ್ರೋಲ್’ ಕೊಡಿ. ನೆಟ್‌ವರ್ಕಿನಿಂದ ಬಂದವರಿಗೆ ಷೇರ್ ಪರ್ಮಿಷನ್, ಫೋಲ್ಡರ್ ಪರ್ಮಿಷನ್ ಎರಡರಲ್ಲಿ ಬಿಗಿಯಾದದ್ದೇ ಅನ್ವಯಿಸುತ್ತದೆ. ಷೇರ್‌ನಲ್ಲಿ ಬರಿಯ ‘ರೀಡ್’ ಉಳಿದರೆ ಫೋಲ್ಡರಿನಲ್ಲಿ ಎಷ್ಟು ಕೊಟ್ಟರೂ ಸೇವ್ ಆಗುವುದಿಲ್ಲ.

ಷೇರ್‌ನಲ್ಲಿ ಎಲ್ಲರಿಗೂ ಫುಲ್ ಕಂಟ್ರೋಲ್ ಕೊಟ್ಟು, ಬಿಗಿಯೆಲ್ಲ ಫೋಲ್ಡರಿನಲ್ಲಿ ಇಡಿ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಯಾರು ಕಡತ ಹುಟ್ಟಿಸುತ್ತಾರೋ ಅವರೇ ಅದರ ಮಾಲೀಕರು, ಮಾಲೀಕರು ಆ ಕಡತದ ಪರ್ಮಿಷನ್ ಬದಲಿಸಬಲ್ಲರು. ಷೇರ್ ‘ಚೇಂಜ್’ನಲ್ಲಿ ನಿಂತರೆ ನೆಟ್‌ವರ್ಕಿನಿಂದ ಆ ದಾರಿ ಮುಚ್ಚುತ್ತದೆ.

ಕೊನೆಗೆ ಸೆಟ್ಟಿಂಗ್ಸ್‌ನ ‘ಅಡ್ವಾನ್ಸ್ಡ್ ಷೇರಿಂಗ್ ಸೆಟ್ಟಿಂಗ್ಸ್’ನಲ್ಲಿ ‘ಪಾಸ್‌ವರ್ಡ್ ಪ್ರೊಟೆಕ್ಟೆಡ್ ಷೇರಿಂಗ್’ ಆನ್ ಇರಲಿ. ಅದನ್ನು ಆಫ್ ಮಾಡಿ ಗೆಸ್ಟ್ ಆಗಿ ಒಳಬಿಡುವ ಹಳೆಯ ಉಪಾಯ ಅಪಾಯದ್ದು. ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿಯಿಂದ ಷೇರ್ ಸಂಪರ್ಕಕ್ಕೆ ಡಿಜಿಟಲ್ ಸಹಿ ಕಡ್ಡಾಯವಾಗಿರುವುದರಿಂದ ಆ ಉಪಾಯ ಅಲ್ಲಿ ನಡೆಯುವುದೂ ಇಲ್ಲ.

ಹಂತ 7: ಪರೀಕ್ಷೆ, ಅವರವರ ಕುರ್ಚಿಯಲ್ಲೇ ಕುಳಿತು

ಮೊದಲು ಮೇನ್ ಸಿಸ್ಟಮ್‌ನಲ್ಲೇ ಅಡ್ವಾನ್ಸ್ಡ್ ಕಿಟಕಿಯ ‘ಎಫೆಕ್ಟಿವ್ ಆಕ್ಸೆಸ್’ ಟ್ಯಾಬಿಗೆ ಹೋಗಿ ಒಬ್ಬೊಬ್ಬರ ಹೆಸರು ಕೊಟ್ಟು ‘ವ್ಯೂ’ ಒತ್ತಿ. ಯಾವ ಹಕ್ಕು ಇದೆ, ಯಾವುದು ಇಲ್ಲ ಎಂದು ಟಿಕ್ ಮತ್ತು ಕೆಂಪು ಗುರುತಿನಲ್ಲಿ ಬರುತ್ತದೆ. ಚೌಕಟ್ಟಿನ ಹಾಳೆಯೊಂದಿಗೆ ಹೋಲಿಸಿ ನೋಡಿ.

ಇಷ್ಟಕ್ಕೇ ನಿಲ್ಲಿಸಬಾರದು. ಪ್ರತಿ ಯಂತ್ರದಲ್ಲೂ ಆಯಾ ಸಿಬ್ಬಂದಿಯ ಲಾಗಿನ್‌ನಲ್ಲಿ, ಆದರೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ನಾಲ್ಕು ಕೆಲಸ ಮಾಡಿ. ಓದಬೇಕಾದ ಕಡತ ತೆರೆಯಿರಿ. ತಿದ್ದಬೇಕಾದ ಫೋಲ್ಡರಿನಲ್ಲಿ ಹೊಸ ಎಕ್ಸೆಲ್ ಕಡತ ಮಾಡಿ, ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆದು ತಿದ್ದಿ ಸೇವ್ ಮಾಡಿ. ಆ ಫೋಲ್ಡರನ್ನೇ ಮೌಸ್‌ನಿಂದ ಎಳೆದು ‘ಸಾಮಾನ್ಯ’ಕ್ಕೆ ಹಾಕಲು ನೋಡಿ, ಆಗಬಾರದು. ತೆರೆಯಬಾರದ ಫೋಲ್ಡರನ್ನು ತೆರೆಯಲು ನೋಡಿ, ಅದೂ ಆಗಬಾರದು. ಬೇಕಾದ್ದು ತೆರೆಯಿತೆಂದು ಸಮಾಧಾನಪಟ್ಟು ಈ ಕೊನೆಯ ಎರಡನ್ನು ಬಿಟ್ಟುಬಿಡುವವರೇ ಹೆಚ್ಚು.

ಪರೀಕ್ಷೆಯ ನಡುವೆ ಒಂದೇ ಯಂತ್ರದಿಂದ ಬೇರೆ ಹೆಸರಿನಲ್ಲಿ ಷೇರ್ ತೆರೆಯಲು ಹೋದರೆ ‘ಮಲ್ಟಿಪಲ್ ಕನೆಕ್ಷನ್ಸ್’ ಎಂಬ ದೋಷ ಬರುತ್ತದೆ, ಸಂಖ್ಯೆ 1219. ಪರ್ಮಿಷನ್ ತಪ್ಪಲ್ಲ ಅದು. ಒಂದು ಯಂತ್ರ ಒಂದು ಸರ್ವರಿಗೆ (ಇಲ್ಲಿ ಮೇನ್ ಸಿಸ್ಟಮ್‌ಗೆ) ಒಂದೇ ಹೊತ್ತಿನಲ್ಲಿ ಎರಡು ಹೆಸರಿನಲ್ಲಿ ಹೋಗಲಾರದು. ಸೈನ್ ಔಟ್ ಆಗಿ ಬನ್ನಿ.

ಮೇನ್ ಸಿಸ್ಟಮ್‌ನಲ್ಲಿ ಫೋಲ್ಡರ್ ತೆರೆಯುವಾಗ ‘ಯು ಡೋಂಟ್ ಕರೆಂಟ್ಲಿ ಹ್ಯಾವ್ ಪರ್ಮಿಷನ್’ ಎಂದು ಕೇಳಿ ‘ಕಂಟಿನ್ಯೂ’ ಗುಂಡಿ ತೋರಿಸಿದರೆ ಅದನ್ನು ಒತ್ತಬೇಡಿ. ಒತ್ತಿದರೆ ನಿಮ್ಮ ವೈಯಕ್ತಿಕ ಹೆಸರು ಆ ಫೋಲ್ಡರಿನ ಪಟ್ಟಿಗೆ ಶಾಶ್ವತವಾಗಿ ಸೇರಿಕೊಳ್ಳುತ್ತದೆ. ‘ಸಂಘ-ನಿರ್ವಾಹಕ’ ಎಂಬ ಬೇರೆ ಗುಂಪು ಮಾಡಿದ್ದೇ ಇದಕ್ಕೆ. ಅಡ್ಮಿನಿಸ್ಟ್ರೇಟರ್ಸ್ ಗುಂಪಿನ ಹಕ್ಕನ್ನು ವಿಂಡೋಸ್ ಸಾಮಾನ್ಯ ಹೊತ್ತಿನಲ್ಲಿ ತಡೆಹಿಡಿದಿರುತ್ತದೆ. ನೀವೇ ಮಾಡಿದ ಗುಂಪಿಗೆ ಆ ತಡೆ ಇಲ್ಲ.

ಈ ಲಕ್ಷಣ ಕಂಡರೆ ಇಲ್ಲಿ ನೋಡಿ

ಪಾಸ್‌ವರ್ಡ್ ಮತ್ತೆ ಮತ್ತೆ ಕೇಳುತ್ತಿದ್ದರೆ: ಪಿನ್ ಹೊಡೆಯುತ್ತಿದ್ದಾರೆಯೇ, ಒಂದೇ ಕಡೆ ಪಾಸ್‌ವರ್ಡ್ ಬದಲಾಗಿದೆಯೇ ನೋಡಿ. ಎರಡೂ ಅಲ್ಲದಿದ್ದರೆ ಆ ಯಂತ್ರದ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ನಲ್ಲಿ ಹಳೆಯ ಪಾಸ್‌ವರ್ಡ್ ಕುಳಿತಿರುತ್ತದೆ, ತೆಗೆಯಿರಿ.

ಫೋಲ್ಡರ್ ತೆರೆಯುತ್ತದೆ, ಒಂದೇ ಒಂದು ಕಡತ ತೆರೆಯುವುದಿಲ್ಲ ಎಂದರೆ: ಅದನ್ನು ಅದೇ ಡ್ರೈವ್‌ನ ಬೇರೆ ಫೋಲ್ಡರಿನಿಂದ ಕಟ್-ಪೇಸ್ಟ್ ಮಾಡಿದ್ದಾರೆ. ಒಂದೇ ಡ್ರೈವ್‌ನೊಳಗೆ ಸರಿಸಿದ ಕಡತ ಹಳೆಯ ಮನೆಯ ಪರ್ಮಿಷನ್ ಹೊತ್ತುಕೊಂಡೇ ಬರುತ್ತದೆ, ಕಾಪಿ ಮಾಡಿದ್ದು ಹೊಸ ಮನೆಯದನ್ನು ಪಡೆಯುತ್ತದೆ. ನಿರ್ವಾಹಕರು ಅದನ್ನು ಅಲ್ಲೇ ಕಾಪಿ ಮಾಡಿ, ಹಳೆಯದನ್ನು ಅಳಿಸಿದರೆ ಸರಿಹೋಗುತ್ತದೆ. ಸಂಬಳದ ಫೋಲ್ಡರಿನಿಂದ ಕಟ್-ಪೇಸ್ಟ್ ಬೇಡ ಎಂದು ಸಿಬ್ಬಂದಿಗೂ ಹೇಳಿ.

ಸೆಕ್ಯುರಿಟಿ ಪಟ್ಟಿಯಲ್ಲಿ ‘ಅಕೌಂಟ್ ಅನ್‌ನೋನ್’ ಎಂದಿದ್ದು ಪಕ್ಕದಲ್ಲಿ ಎಸ್-1-5-21 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಇದ್ದರೆ: ಯಾರದೋ ಲಾಗಿನ್ ಅಥವಾ ಗುಂಪನ್ನು ಅಳಿಸಲಾಗಿದೆ. ವಿಂಡೋಸ್ ಗುರುತಿಸುವುದು ಈ ಸಂಖ್ಯೆಯನ್ನು, ಹೆಸರನ್ನಲ್ಲ. ಅದೇ ಹೆಸರಿನಲ್ಲಿ ಹೊಸದು ಮಾಡಿದರೂ ಹಳೆಯ ಹಕ್ಕು ಮರಳುವುದಿಲ್ಲ. ಸಾಲನ್ನು ತೆಗೆದು ಸರಿಯಾದ ಗುಂಪು ಸೇರಿಸಿ.

ನೋಡಬಾರದವರಿಗೆ ತೆರೆಯುತ್ತಿದ್ದರೆ: ಅವರು ಅಡ್ಮಿನಿಸ್ಟ್ರೇಟರ್ಸ್‌ನಲ್ಲಿ ಇದ್ದಾರೆಯೇ, ‘ಆಥೆಂಟಿಕೇಟೆಡ್ ಯೂಸರ್ಸ್’ ಎಲ್ಲಾದರೂ ಉಳಿದಿದೆಯೇ, ಹಳೆಯ ಹುದ್ದೆಯ ಗುಂಪಿನಿಂದ ಅವರನ್ನು ತೆಗೆದಿದೆಯೇ, ಇದೇ ಕ್ರಮದಲ್ಲಿ ಹುಡುಕಿ.

ಹಂತ 8: ಬರುವವರು, ಹೋಗುವವರು, ಆಡಿಟ್

ಹೊಸಬರು ಬಂದರೆ ಲಾಗಿನ್ ಮಾಡಿ ಗುಂಪಿಗೆ ಸೇರಿಸಿ, ಅಷ್ಟೇ. ಫೋಲ್ಡರಿನ ಪ್ರಾಪರ್ಟೀಸ್ ತೆರೆಯುವ ಅಗತ್ಯವೇ ಬರಬಾರದು. ಬಂದರೆ ಹಂತ 4ರಲ್ಲಿ ಏನೋ ತಪ್ಪಿದೆ.

ಹುದ್ದೆ ಬದಲಾದಾಗ ಹೊಸ ಗುಂಪಿಗೆ ಸೇರಿಸುವ ಮೊದಲು ಹಳೆಯದರಿಂದ ತೆಗೆಯಿರಿ. ಮೊದಲು ಸೇರಿಸಿದರೆ ತೆಗೆಯುವುದು ಮರೆತೇಹೋಗುತ್ತದೆ, ಗುಮಾಸ್ತರಾಗಿ ಬಂದವರು ಹತ್ತು ವರ್ಷದಲ್ಲಿ ಎಲ್ಲ ಗುಂಪಿನಲ್ಲೂ ಇರುತ್ತಾರೆ.

ಕೆಲಸ ಬಿಟ್ಟವರ ಲಾಗಿನ್ ಅಳಿಸಬೇಡಿ. ಅವರು ಹೋದ ದಿನವೇ ‘ಅಕೌಂಟ್ ಈಸ್ ಡಿಸೇಬಲ್ಡ್’ಗೆ ಟಿಕ್ ಹಾಕಿ, ಗುಂಪುಗಳಿಂದ ತೆಗೆದು, ಆ ವರ್ಷದ ಆಡಿಟ್ ಮುಗಿಯುವವರೆಗೆ ಹಾಗೇ ಬಿಡಿ. ಕಡತದ ಮಾಲೀಕರ ಜಾಗದಲ್ಲಿ ಸಂಖ್ಯೆಯ ಬದಲು ಹೆಸರು ಕಾಣುತ್ತಿದ್ದರೆ ಪರಿಶೋಧಕರ ಪ್ರಶ್ನೆಗೆ ಉತ್ತರಿಸುವುದು ಸುಲಭ.

ಮಾರ್ಚ್ 31ರ ನಂತರ ಪರಿಶೋಧಕರು ಬಂದು ಕೂತಾಗ ಕಾರ್ಯದರ್ಶಿಯ ಪಾಸ್‌ವರ್ಡ್ ಕೊಟ್ಟು ಕೂರಿಸುವುದು ಎಲ್ಲೆಡೆ ನಡೆಯುತ್ತದೆ, ನಡೆಯಬಾರದು. ಅವರಿಗೊಂದು ಪ್ರತ್ಯೇಕ ಲಾಗಿನ್ ಇರಲಿ, ‘ಸಂಘ-ಎಲ್ಲರೂ’ ಮತ್ತು ‘ಓದು’ ಗುಂಪುಗಳಿಗೆ ಮಾತ್ರ ಸೇರಿಸಿ. ಅವರು ಹೊರಟ ಸಂಜೆ ಡಿಸೇಬಲ್ ಮಾಡಿ, ಮುಂದಿನ ವರ್ಷ ಹೊಸ ಪಾಸ್‌ವರ್ಡ್‌ನೊಂದಿಗೆ ಅದನ್ನೇ ತೆರೆಯಿರಿ.

ಮೂರು ತಿಂಗಳಿಗೊಮ್ಮೆ ‘ಗ್ರೂಪ್ಸ್’ ಪಟ್ಟಿ ತೆರೆದು ಪ್ರತಿ ಗುಂಪಿನ ಸದಸ್ಯರನ್ನು ಹಾಳೆಯೊಂದಿಗೆ ಹೋಲಿಸಿ, ಐಕ್ಯಾಕ್ಲ್ಸ್ ಬ್ಯಾಕಪ್ಪನ್ನು ಹೊಸ ದಿನಾಂಕದ ಹೆಸರಿನಲ್ಲಿ ತೆಗೆದಿಡಿ. ಹನ್ನೆರಡು ಗುಂಪಿಗೆ ಅರ್ಧ ಗಂಟೆ ಸಾಕು. ವ್ಯತ್ಯಾಸ ಕಂಡರೆ ಆ ಹಾಳೆಯ ಮೇಲೇ ಕೆಂಪು ಶಾಯಿಯಲ್ಲಿ ಬರೆದು, ಕಾರ್ಯದರ್ಶಿಯವರಿಗೆ ತೋರಿಸಿ ಕೇಳಿ, ಆಮೇಲೆ ತಿದ್ದಿ.